ಇಗರ್ಜಿ ಪಕ್ಕದ ಶಾಲೆ ಯಾರದು?

'ಕಾನ್ವೆಂಟ್' ಎಂಬ ಮಾತಿನ ಅರ್ಥ ನಮ್ಮ ಕಡೆ ಸವೆದೇ ಹೋಗಿದೆ. ಮಕ್ಕಳಿಗೆ ಟೈ ಕಟ್ಟಿಸಿ ಇಂಗ್ಲಿಷ್ ಪದ್ಯ ಹೇಳಿಸುವ ಶಾಲೆಯೆಲ್ಲ ಕಾನ್ವೆಂಟೇ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಪಾಲಕರಲ್ಲಿ ಇದರ ಜತೆಗೆ ಇನ್ನೊಂದು ನಂಬಿಕೆಯೂ ಉಂಟು. ಇಗರ್ಜಿಯ ಪಕ್ಕದ ಶಾಲೆ ಪಾದ್ರಿಯವರದು, ಅವರ ಮೇಲೆ ಕಾರವಾರದ ಬಿಷಪ್, ಅವರ ಮೇಲೆ ಬೆಂಗಳೂರು, ಅದರಾಚೆ ರೋಮ್. ಸೀಟು, ಶುಲ್ಕ, ವರ್ಗಾವಣೆ ಪತ್ರ ಎಂದು ಓಡಾಡುವವರು ಈ ಏಣಿಯನ್ನು ನಂಬಿ ತಮ್ಮದಲ್ಲದ ಬಾಗಿಲು ತಟ್ಟುತ್ತಾರೆ. ಅಷ್ಟರಲ್ಲಿ ಪ್ರವೇಶದ ದಿನ ಮುಗಿದಿರುತ್ತದೆ. ಆದ್ದರಿಂದ ಈ ವಾರ ಏಣಿಯನ್ನೇ ಸ್ವಲ್ಪ ಪರೀಕ್ಷಿಸೋಣ.

ಕೆಳಗಿನ ಮೆಟ್ಟಿಲು ಧರ್ಮಕೇಂದ್ರ. ಕೊಂಕಣಿಯವರು 'ಫಿರ್ಗಜ್' ಎನ್ನುತ್ತಾರೆ. ಪೋರ್ಚುಗೀಸರು ಬಿಟ್ಟುಹೋದ ಮಾತು, ಇಗರ್ಜಿ ಎಂಬುದರ ಹಾಗೆಯೇ. ಒಂದು ಇಗರ್ಜಿ, ಗೊತ್ತಾದ ಗಡಿಯೊಳಗಿನ ಕೆಥೊಲಿಕ್ ಮನೆಗಳು, ಅವರಿಗೊಬ್ಬ ಧರ್ಮಗುರು. ಮನೆಗಳನ್ನು ವಾರ್ಡುಗಳಾಗಿ ಹಂಚಿಕೊಂಡಿರುತ್ತಾರೆ. ಮಂಗಳೂರು–ಉಡುಪಿ ಕಡೆ ವಾರ್ಡಿನ ಮುಖ್ಯಸ್ಥನಿಗೆ ಗುರ್ಕಾರ್ ಎಂದು ಹೆಸರು. ಹಣದ ವಿಷಯದಲ್ಲಿ ಪಾದ್ರಿಯವರು ಒಬ್ಬರೇ ಯಜಮಾನರಲ್ಲ. 1983ರ ಚರ್ಚ್ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳನ್ನು ಇಡುವುದೂ ಕಡ್ಡಾಯ. ಜನನ ನೋಂದಣಿ ಮಾಡಿಸದ ಅಜ್ಜ–ಅಜ್ಜಿಯರ ಹುಟ್ಟಿದ ದಿನವನ್ನು ಈ ಪುಸ್ತಕದಲ್ಲೇ ಹುಡುಕುವ ಕುಟುಂಬಗಳು ಕರಾವಳಿಯಲ್ಲಿ ಇಂದಿಗೂ ಇವೆ.

ಧರ್ಮಕೇಂದ್ರವೇ ನಡೆಸುವ ಶಾಲೆಯಿದ್ದರೆ ಸಾಮಾನ್ಯವಾಗಿ ಅಲ್ಲಿನ ಧರ್ಮಗುರುಗಳೇ ಅದರ ಸಂಚಾಲಕರು. ಬಿಷಪ್ ಅವರನ್ನು ಬೇರೆ ಊರಿಗೆ ವರ್ಗ ಮಾಡಿದರೆ ಸಂಚಾಲಕರೂ ಬದಲಾದರು ಎಂದೇ ಅರ್ಥ. ಹಿಂದಿನವರು ಬಾಯಿಮಾತಿನಲ್ಲಿ ಕೊಟ್ಟ ಶುಲ್ಕದ ರಿಯಾಯಿತಿ ಹೊಸಬರಿಗೆ ಗೊತ್ತಿರಬೇಕೆಂದಿಲ್ಲ. ಇಂಥದ್ದನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಮುಂದಿನ ಮೆಟ್ಟಿಲು ಧರ್ಮಪ್ರಾಂತ್ಯ. ಇಲ್ಲಿ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಕೆಳದಿ ಅರಸರು ಗೋವೆಯ ಪೋರ್ಚುಗೀಸರೊಂದಿಗೆ 1678ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಸಿಕ್ಕ ಊರುಗಳ ಪೈಕಿ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ ಇವೆ. ಅಂದರೆ ಇಂದಿನ ಮೂರೂ ತಾಲೂಕುಗಳು ಬಂದವು. ಆಡಳಿತ ಬಹುಕಾಲ ಗೋವೆಯ ಕೈಯಲ್ಲಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವಾಯಿತು. ಅದರಿಂದ ಬೇರ್ಪಟ್ಟು 1976ರ ಜನವರಿ 24ರಂದು ಉತ್ತರ ಕನ್ನಡ ಜಿಲ್ಲೆಗೆಂದೇ ಕಾರವಾರ ಧರ್ಮಪ್ರಾಂತ್ಯ ಹುಟ್ಟಿತು. ಮೊದಲ ಬಿಷಪ್ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ. 2007ರಲ್ಲಿ ಡೆರೆಕ್ ಫೆರ್ನಾಂಡಿಸ್ ಬಂದರು; 2019ರಲ್ಲಿ ಅವರನ್ನು ಬೆಳಗಾವಿಗೆ ನೇಮಿಸಲಾಯಿತು. ಮುಂದಿನ ಬಿಷಪ್ ಡುಮಿಂಗ್ ಡಯಾಸ್ ಅವರ ನೇಮಕವಾದದ್ದು 2024ರಲ್ಲಿ. ನಡುವಿನ ಐದು ವರ್ಷ ಕಾರವಾರಕ್ಕೆ ಹೊಸ ಬಿಷಪ್ ನೇಮಕವಾಗಿರಲಿಲ್ಲ. ಆದರೂ ಶಾಲೆಯ ಗಂಟೆಗಳು ಹೊತ್ತಿಗೆ ಸರಿಯಾಗಿ ಬಾರಿಸುತ್ತಲೇ ಇದ್ದವು. ದಿನದಿನದ ಕೆಲಸ ಎಷ್ಟು ಕೆಳಗಿನ ಮಟ್ಟದಲ್ಲೇ ನಡೆಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಧರ್ಮಪ್ರಾಂತ್ಯದ ಗಡಿ ಸರಕಾರದ ಗಡಿಯನ್ನೇ ಹಿಡಿದು ಹೋಗಿದೆ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ, ದಕ್ಷಿಣವನ್ನು ಮದ್ರಾಸಿನಲ್ಲೇ ಉಳಿಸಿದರು. ಭಟ್ಕಳ ದಾಟಿ ಶಿರೂರಿಗೆ ಹೋದರೆ ಜಿಲ್ಲೆಯೂ ಬೇರೆ, ಬಿಷಪ್ಪರೂ ಬೇರೆ. ಆ ಕಡೆ ಮೊದಲು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು, 2012ರಿಂದ ಉಡುಪಿ. ಸೋದರಮಾವನ ಮನೆ ಹತ್ತು ಹದಿನೈದು ಮೈಲು ದೂರದಲ್ಲಿದ್ದರೂ ಅವರ ಪತ್ರ ಉಡುಪಿಗೆ, ನಮ್ಮದು ಕಾರವಾರಕ್ಕೆ.

ಇನ್ನು ಬೆಂಗಳೂರು. ಕಾರವಾರ ಧರ್ಮಪ್ರಾಂತ್ಯ ಬೆಂಗಳೂರಿನ ಮಹಾಧರ್ಮಪ್ರಾಂತ್ಯದ ಕಕ್ಷೆಗೆ ಸೇರಿದ್ದು ನಿಜ. ಆದರೆ ಅಲ್ಲಿನ ಆರ್ಚ್‌ಬಿಷಪ್ ಕಾರವಾರದ ಬಿಷಪ್ಪರ ಮೇಲಧಿಕಾರಿಯಲ್ಲ. ಬಿಷಪ್ಪರನ್ನು ನೇಮಿಸುವವರು ಪೋಪರು. ತಮ್ಮ ಧರ್ಮಪ್ರಾಂತ್ಯದಲ್ಲಿ ಅವರೇ ಮುಖ್ಯಸ್ಥರು. ಕುಮಟಾದ ಶಾಲೆಯೊಂದರ ಶುಲ್ಕದ ಬಗ್ಗೆ ಬೆಂಗಳೂರಿಗೆ ಬರೆದರೆ ಖರ್ಚಾಗುವುದು ಅಂಚೆ ಚೀಟಿ ಮಾತ್ರ.

ಜನ ಹೆಚ್ಚಾಗಿ ಎಡವುವುದು ಸಿಸ್ಟರುಗಳ ಶಾಲೆಯಲ್ಲಿ. ಕಾನ್ವೆಂಟ್ ಎಂದರೆ ಮೂಲತಃ ಸನ್ಯಾಸಿನಿಯರು ವಾಸಿಸುವ ಮಠ. ಭಟ್ಕಳದ ಆನಂದಾಶ್ರಮ ಶಾಲೆಯ ಹೆಸರಲ್ಲೇ ಆ ಮಾತಿದೆ. ಸನ್ಯಾಸಿನಿಯರ ಒಂದೊಂದು ಸಭೆಗೂ ತನ್ನದೇ ನಿಯಮ, ತನ್ನದೇ ಮುಖ್ಯಸ್ಥೆ. ಅವರಿಗೆ ಸೇರಿದ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಳಿಸುವುದು, ಕರೆಸಿಕೊಳ್ಳುವುದು ಆ ಸಭೆಯ ಪ್ರಾಂತ್ಯಾಧಿಕಾರಿಣಿ. ಪಕ್ಕದ ಇಗರ್ಜಿಯ ಪಾದ್ರಿಯವರು ಪೂಜೆಗೆ ಬಂದುಹೋಗಬಹುದು, ಶಿಫಾರಸಿನ ಒಂದು ಮಾತು ಹೇಳಬಹುದು, ಅಪ್ಪಣೆ ಮಾಡುವಂತಿಲ್ಲ. ಬಿಷಪ್ಪರಿಗೆ ಮಾತ್ರ ಒಂದು ಹಿಡಿತವಿದೆ. ಅವರ ಒಪ್ಪಿಗೆಯಿಲ್ಲದೆ ಸಭೆಯವರು ಶಾಲೆ ತೆರೆಯುವಂತಿಲ್ಲ. ಅವರು ಶಾಲೆಗೆ ಭೇಟಿ ಕೊಡಬಹುದು, ಧರ್ಮಬೋಧನೆಯ ಮೇಲೆ ಕಣ್ಣಿಡಬಹುದು.

ಕ್ರೈಸ್ತರ ಶಾಲೆಯೆಲ್ಲ ಕೆಥೊಲಿಕ್ ಕೂಡ ಅಲ್ಲ. ಹೊನ್ನಾವರದ ಮಾರ್ಥೋಮಾ ಶಾಲೆಯ ಹೆಸರು ಸೂಚಿಸುವ ಸಭೆಯ ಕೇಂದ್ರ ಕೇರಳದ ತಿರುವಲ್ಲಾದಲ್ಲಿದೆ. ಪೋಪರಿಗೂ ಅದಕ್ಕೂ ಆಡಳಿತದ ಸಂಬಂಧವಿಲ್ಲ. ಸಂತ ತೋಮಸರ ಹೆಸರಿನ ಹೈಸ್ಕೂಲೂ ಅದೇ ಊರಿನಲ್ಲಿರುವುದರಿಂದ ಹೊರಗಿನವರು ಎರಡನ್ನೂ ಒಂದೇ ಎಂದುಕೊಂಡರೆ ಅಚ್ಚರಿಯಿಲ್ಲ. ಮಾರ್ಥೋಮಾ ಎಂದರೂ ಸಂತ ತೋಮಸರೇ!

ಇದೆಲ್ಲ ಧರ್ಮದ ಏಣಿಯಾಯಿತು. ಪಾಠ, ಪಠ್ಯ, ಪರೀಕ್ಷೆ, ಮಾನ್ಯತೆಯ ಏಣಿ ಬೇರೆಯೇ. ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲೆ ಕಾರವಾರದ ಉಪನಿರ್ದೇಶಕರು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆಯೇ ಹೊರತು ಶಿಕ್ಷಣ ಇಲಾಖೆಯಿಂದ ಬಿಡುಗಡೆ ಕೊಟ್ಟಿಲ್ಲ. ಶೇ. 25 ಸೀಟುಗಳ ನಿಯಮ ಮಾತ್ರ ಇಂಥ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂಶಯ ಎತ್ತಿತು. ಪಾಲಕರು ನೆನಪಿಡಬೇಕಾದದ್ದು 28ನೆಯ ವಿಧಿಯನ್ನೂ ಕೂಡ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಮಗುವನ್ನು ಧರ್ಮಬೋಧನೆಗೋ ಪೂಜೆಗೋ ಕೂರಲೇಬೇಕೆಂದು ಒತ್ತಾಯಿಸುವಂತಿಲ್ಲ.

ನಿಮ್ಮ ಮಗುವಿನ ಶಾಲೆ ಇವುಗಳಲ್ಲಿ ಯಾವುದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಶುಲ್ಕದ ರಸೀದಿ ತೆಗೆದು ನೋಡಿ. ಸಂಸ್ಥೆಯ ಹೆಸರು ಸಾಮಾನ್ಯವಾಗಿ ಅದರ ತಲೆಯ ಮೇಲೇ ಅಚ್ಚಾಗಿರುತ್ತದೆ. ಶಾಲೆ ಅನುದಾನಿತವೋ ಅಲ್ಲವೋ ಎಂಬುದು ಅದರ 11 ಅಂಕಿಯ ಯುಡೈಸ್ ಸಂಖ್ಯೆ ಹಿಡಿದು ಹುಡುಕಿದರೆ ಸಿಗುತ್ತದೆ.