ಒಂದೇ ಅಂಕದ ಮಾಯೆ

ಗಣಕಯಂತ್ರ ಕೊಳ್ಳುವವರು ಪ್ರೊಸೆಸರಿನ ವೇಗವನ್ನು ಒಂದೇ ಅಂಕದಲ್ಲಿ ಕೇಳುವುದುಂಟು. ಅದು ಸಲ್ಲದೆಂದು ನನ್ನ ಮತ. ಈಗೊರ್ ಪಾವ್ಲೊವ್ 1999ರಲ್ಲಿ ಹೊರತಂದ, ಕಡತಗಳನ್ನು ಕುಗ್ಗಿಸುವ ಸೆವೆನ್-ಜಿಪ್ ತಂತ್ರಾಂಶದಲ್ಲಿಯೇ ಈಗ ಒಂದು ವೇಗಪರೀಕ್ಷೆಯಿದೆ. ಕುಗ್ಗಿಸುವುದಕ್ಕೊಂದು, ಮರಳಿ ಬಿಡಿಸುವುದಕ್ಕೊಂದು ಅಂಕವನ್ನು ಅದು ಕೊಡುತ್ತದೆ. ಕುಗ್ಗಿಸುವಾಗ, ಈ ಅಕ್ಷರಗಳ ಸಾಲು ಹಿಂದೆಲ್ಲಾದರೂ ಬಂದಿತ್ತೇ ಎಂದು ಮೆಮೊರಿಯಲ್ಲಿ ಅತ್ತಿತ್ತ ಹುಡುಕಬೇಕು. ಮೆಮೊರಿ ತಡಮಾಡಿದರೆ ಎಂಥ ಪ್ರೊಸೆಸರೂ ಕಾದು ಕೂರಬೇಕಾದುದೇ. ಬಿಡಿಸುವಾಗಲಾದರೋ ಪೂರ್ಣಾಂಕಗಳ ಲೆಕ್ಕವೂ ಮುಂದಿನ ಕವಲನ್ನು ಊಹಿಸುವ ಜಾಣ್ಮೆಯೂ ಮುಖ್ಯ. ಇವೆರಡರ ಸರಾಸರಿಯನ್ನು ನಂಬುವುದು, ಕನ್ನಡದಲ್ಲಿ 90, ಗಣಿತದಲ್ಲಿ 30 ಪಡೆದ ಹುಡುಗನಿಗೆ ಎರಡರಲ್ಲಿಯೂ 60 ಬಂದಿದೆಯೆಂದು ಬಗೆದಂತೆ! ದಶಮಾಂಶ ಬಿಂದುವಿನ ಲೆಕ್ಕವನ್ನಂತೂ ಈ ಪರೀಕ್ಷೆ ಮುಟ್ಟುವುದೇ ಇಲ್ಲ. ಅರ್ಥಶಾಸ್ತ್ರದ ಅಂಕಿ-ಅಂಶಗಳಿಗೆಂದು ನಮ್ಮಂಥ ಬಡ ಕಾಲೇಜು ಯಂತ್ರ ಕೊಳ್ಳುವಾಗ, ಆ ಲೆಕ್ಕವನ್ನೇ ಕೊಟ್ಟು ಓಡಿಸಿ ನೋಡಲಿ.