ಎಮ್ಮೆ ಬತ್ತಿದರೂ ಕಂತು ಬತ್ತದು

ಸಾಲ ಮಾಡುವುದೇ ತಪ್ಪೆಂದು ಬಡವನಿಗೆ ಬುದ್ಧಿ ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಕೈಯಲ್ಲಿ ಗಂಟಿಲ್ಲದವನು ಒಂದು ಉದ್ಯೋಗಕ್ಕೆ ಇಳಿಯಬೇಕಾದರೆ ಸಾಲವೇ ಅವನ ಬಂಡವಾಳ. ಹಾನಗಲ್ಲಿನ ಮಾವಿನ ತೋಟದವನಿಗೆ, ಸವಣೂರಿನ ಎಲೆಬಳ್ಳಿಯವನಿಗೆ, ಹಿರೇಕೆರೂರಿನ ಗೋವಿನಜೋಳದವನಿಗೆ, ಶಿಗ್ಗಾಂವಿಯಲ್ಲಿ ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವ ಹೆಣ್ಣುಮಗಳಿಗೆ ಸಾಲವಿಲ್ಲದೆ ಒಂದು ಹಂಗಾಮು ಸಾಗದು. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ಸಾಲ ಯಾರದು? ಬಡ್ಡಿ ಎಷ್ಟು? ಕಂತಿನ ದಿನವನ್ನು ಗೊತ್ತುಮಾಡುವವರು ಯಾರು?

ರೈತನ ಸಾಲದ ಗೊಡವೆ ಗಿರಣಿ ಕಾರ್ಮಿಕರಿಗೂ ಪೇಟೆಯ ಸಣ್ಣ ವ್ಯಾಪಾರಿಗಳಿಗೂ ಏಕೆಂದು ಕೆಲವರು ಕೇಳಬಹುದು. ಜಿನ್ನಿಂಗ್ ಗಿರಣಿಯಲ್ಲಿ, ಅಕ್ಕಿ ಗಿರಣಿಯಲ್ಲಿ ದುಡಿಯುವ ನಮ್ಮ ಎಷ್ಟೋ ಬಂಧುಗಳ ಮನೆ ಇಂದಿಗೂ ಹಳ್ಳಿಯಲ್ಲಿದೆ. ಅಲ್ಲಿ ಎಕರೆ ಎರಡೆಕರೆ ಹೊಲವಿದೆ, ಕೊಟ್ಟಿಗೆಯಲ್ಲಿ ಒಂದು ದನವಿದೆ, ಆ ದನದ ಮೇಲೆ ಸಾಲವೂ ಇದೆ. ಗಿರಣಿಯ ಪಗಾರ ಹೊಲದ ಕಂತಿಗೆ ಹೋಗುತ್ತದೆ. ಕಿರಾಣಿ ಅಂಗಡಿಯವನ ಉದ್ರಿ ವಹಿಯನ್ನು ತೆರೆದು ನೋಡಿರಿ. ಅಲ್ಲಿರುವುದು ಇದೇ ರೈತರ, ಇದೇ ಕೂಲಿಗಳ ಹೆಸರು. ವಾರದ ಕಂತಿನವನು ಮೊದಲು ಬಂದು ಒಯ್ದರೆ ಅಂಗಡಿಯ ಉದ್ರಿಗೆ ಉಳಿಯುವುದೇನು? ಹಳ್ಳಿಯ ಸಾಲ ಕೆಟ್ಟರೆ ಪೇಟೆಯ ವ್ಯಾಪಾರವೂ ಕೆಡುತ್ತದೆ.

ಸರಕಾರದ ಕಾಗದವನ್ನು ಓದಿದರೆ ರೈತನಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಸಹಕಾರಿ ಸಂಘಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಜುಲೈ ತಿಂಗಳ ರಾಜ್ಯ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ನೂರಕ್ಕೆ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲ 10 ಲಕ್ಷದಿಂದ 15 ಲಕ್ಷಕ್ಕೆ ಏರಿತು. ಒಳ್ಳೆಯದೇ ಆಯಿತು. ಆದರೆ ಬೆಳೆಸಾಲ ಕೇಳಲು ಹೋದವನಿಗೆ ಸೊಸಾಯಿಟಿಯ ಕಾರ್ಯದರ್ಶಿ ಕೇಳುವ ಮೊದಲ ಮಾತು, ಉತಾರ ಎಲ್ಲಿ? ಉತಾರದಲ್ಲಿ ಹೆಸರಿದ್ದವನಿಗೆ ಸೊನ್ನೆ ಬಡ್ಡಿ. ಲಾವಣಿಗೆ ಹೊಲ ಹಿಡಿದವನಿಗೆ, ಅಣ್ಣನ ಹೆಸರಿನ ಹೊಲದಲ್ಲಿ ದುಡಿಯುವ ತಮ್ಮನಿಗೆ, ಗಂಡನ ಹೆಸರಿನ ಹೊಲದಲ್ಲಿ ಬೆವರು ಸುರಿಸುವ ಹೆಂಡತಿಗೆ ಬರಿಗೈ.

1951ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಲೋಹಿಯಾ ಅವರೂ ಬಂದು ಸೆರೆಯಾದರು. ಆ ಹೋರಾಟದ ಫಲವು 1974ರ ಭೂಸುಧಾರಣೆಯಲ್ಲಿ ಕಾಣಿಸಿತು. ಕಾಯ್ದೆಯು ಗೇಣಿಯನ್ನು ಕಾಗದದಿಂದ ತೆಗೆಯಿತು, ಊರಿನಿಂದ ತೆಗೆಯಲಾಗಲಿಲ್ಲ. ಇಂದು ಲಾವಣಿ ಬಾಯಿಮಾತಿನಲ್ಲಿ ನಡೆಯುತ್ತದೆ. ಬಾಯಿಮಾತಿಗೆ ಯಾವ ಸೊಸಾಯಿಟಿಯೂ ಬೆಳೆಸಾಲ ಕೊಡುವುದಿಲ್ಲ.

ಹೀಗೆ ಬರಿಗೈಯಲ್ಲಿ ತಿರುಗಿದವರ ಮನೆ ಬಾಗಿಲಿಗೆ ವಾರದ ಕಂತಿನ ಸಾಲ ತಾನಾಗಿ ನಡೆದು ಬರುತ್ತದೆ. ಉತಾರ ಬೇಡ, ಜಾಮೀನು ಬೇಡ, ಆಧಾರ್ ಕಾರ್ಡಿದ್ದರೆ ಸಾಕು. ಅದರ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. 50,000 ರೂಪಾಯಿ ಸಾಲ, ನೂರಕ್ಕೆ 12ರಂತೆ ವರ್ಷದ ಬಡ್ಡಿ 6,000 ಎಂದು ಹೇಳುತ್ತಾರೆನ್ನಿ. 56,000 ರೂಪಾಯಿಯನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 1,077 ರೂಪಾಯಿ. ಅರ್ಧ ವರ್ಷ ಕಳೆಯುವಷ್ಟರಲ್ಲಿ ಅಸಲಿನ ಅರ್ಧ ಹಿಂದಕ್ಕೆ ಹೋಗಿರುತ್ತದೆ. ಆದರೆ ಬಡ್ಡಿ ಮಾತ್ರ ಇಡೀ 50,000ದ ಮೇಲೆಯೇ ನಡೆದಿರುತ್ತದೆ. ಸಾಲಗಾರನ ಕೈಯಲ್ಲಿ ವರ್ಷದ ಸರಾಸರಿ ಇದ್ದ ಹಣ 25,000ದ ಆಸುಪಾಸು. ಆದ್ದರಿಂದ ನಿಜವಾದ ಬಡ್ಡಿ ನೂರಕ್ಕೆ 12 ಅಲ್ಲ, 22-23. ಕೈಸಾಲದವನು ತಿಂಗಳಿಗೆ ನೂರಕ್ಕೆ ಮೂರು ಎಂದರೆ ಅದು ವರ್ಷಕ್ಕೆ 36. ಹೊಲ ಉಳ್ಳವನಿಗೆ ಸೊನ್ನೆ, ಏನೂ ಇಲ್ಲದವನಿಗೆ ಇಪ್ಪತ್ತು ಮೂವತ್ತು. ಇದು ಯಾವ ನ್ಯಾಯ?

ಬಡ್ಡಿಗಿಂತಲೂ ಕ್ರೂರವಾದದ್ದು ಕಂತಿನ ದಿನ. ಗೋವಿನಜೋಳ ಜೂನಿನಲ್ಲಿ ಬಿತ್ತಿದರೆ ದುಡ್ಡು ಕಾಣುವುದು ದೀಪಾವಳಿಯ ಸುಮಾರಿಗೆ. ಮಾವು ವರ್ಷಕ್ಕೊಮ್ಮೆ. ಎಲೆಬಳ್ಳಿ ನೆಟ್ಟವನು ಮೊದಲ ಕೊಯ್ಲಿನ ತನಕ ಕಾಯಲೇಬೇಕು. ಎಮ್ಮೆ ಕೂಡ ವರ್ಷವಿಡೀ ಕರೆಯುವುದಿಲ್ಲ. ಗಬ್ಬವಾಗಿ ಈಯುವ ಮುಂಚೆ ಎರಡು ಮೂರು ತಿಂಗಳಾದರೂ ಬತ್ತುತ್ತದೆ. ಎಮ್ಮೆ ಬತ್ತಿದರೂ ಕಂತು ಬತ್ತುವುದಿಲ್ಲ. ಆಗ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ, ಅದನ್ನು ತೀರಿಸಲು ಮೂರನೆಯದು. ಕೊನೆಗೆ ಎಮ್ಮೆ ಸಂತೆಗೆ ಹೋಗುತ್ತದೆ, ಸಾಲ ಮನೆಯಲ್ಲೇ ಉಳಿಯುತ್ತದೆ. ಉದ್ಯೋಗ ಕೆಟ್ಟದ್ದು ಸೋಮಾರಿತನದಿಂದಲ್ಲ, ಹಾಲಿನ ಕಾಲಕ್ಕೂ ಕಂತಿನ ಕಾಲಕ್ಕೂ ಹೊಂದಿಕೆಯಿಲ್ಲದ್ದರಿಂದ.

ಕಿರುಕುಳ ತಾಳಲಾರದೆ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು 2025ರ ಜನವರಿಯಲ್ಲಿ ಮುಖ್ಯಮಂತ್ರಿಗಳಿಗೆ ಮಾಂಗಲ್ಯಸರವನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು: ಬಲವಂತದ ವಸೂಲಿಗೆ 10 ವರ್ಷದ ತನಕ ಸೆರೆವಾಸ, 5 ಲಕ್ಷದ ತನಕ ದಂಡ. ರಿಜರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಕಂತುಗಳೂ ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕಿರುಸಾಲದ ವಸೂಲಿಗೆ ಕಾಡಕೂಡದು. ವರ್ಷದ ನಿಜವಾದ ಬಡ್ಡಿಯನ್ನು ಬರೆದು ಕೊಡಬೇಕು. ಓದುಗರು ಇವನ್ನು ಬಾಯಿಪಾಠ ಮಾಡಿಕೊಂಡು ಅಕ್ಕಪಕ್ಕದವರಿಗೆ ಹೇಳಬೇಕು. ಆದರೂ ಕಾಯ್ದೆ ದಬ್ಬಾಳಿಕೆಯನ್ನು ತಡೆಯಬಲ್ಲದೇ ಹೊರತು ಹದವಾದ ಸಾಲವನ್ನು ಹುಟ್ಟಿಸಲಾರದು.

ಅದನ್ನು ಹುಟ್ಟಿಸುವ ದಾರಿ ನಮ್ಮ ನೆಲದಲ್ಲೇ ಮೊದಲು ಮೂಡಿತು. 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವೇ ದೇಶದ ಮೊದಲ ಕೃಷಿ ಸಹಕಾರಿ ಸಂಘ. ಅದಾಗಿ ಅರ್ಧ ಶತಮಾನದ ನಂತರ, 1954ರಲ್ಲಿ ಹೊರಬಂದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿಯು, ರೈತ ಪಡೆದ ಸಾಲದ ನೂರರಲ್ಲಿ ಸುಮಾರು ಮೂರು ರೂಪಾಯಿ ಮಾತ್ರ ಸಹಕಾರಿ ಸಂಘಗಳದ್ದೆಂದೂ ಎಪ್ಪತ್ತರಷ್ಟು ಸಾವಕಾರರದ್ದೆಂದೂ ತೋರಿಸಿತು. ಸಹಕಾರ ಸೋತಿದೆ, ಆದರೆ ಸಹಕಾರ ಗೆಲ್ಲಲೇಬೇಕು ಎಂಬುದೇ ಆ ವರದಿಯ ತೀರ್ಮಾನವಾಗಿತ್ತು. ನಮ್ಮ ತೀರ್ಮಾನವೂ ಅದೇ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಲಾವಣಿ ರೈತರ 4ರಿಂದ 10 ಜನರ ಜಂಟಿ ಹೊಣೆಗಾರಿಕೆ ಗುಂಪುಗಳಿಗೆ ಸಾಲ ಕೊಡಲು ನಬಾರ್ಡ್ ದಾರಿ ತೋರಿಸಿ ವರ್ಷಗಳೇ ಆಗಿವೆ. ನಾಲ್ಕೂ ತಾಲೂಕುಗಳ ಸಂಘಗಳೂ ಬ್ಯಾಂಕುಗಳೂ ಆ ದಾರಿಯಲ್ಲಿ ನಡೆಯಲಿ. ಎರಡು, ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರ ಕೇಂದ್ರ ಬಜೆಟ್ಟು ದನಕರು ಸಾಕುವವರಿಗೂ ವಿಸ್ತರಿಸಿತು. ಹೊಲವಿಲ್ಲದೆ ಎಮ್ಮೆ ಸಾಕುವವರಿಗೂ ಅದು ಸಿಗಬೇಕಾದದ್ದು. 2025ರ ಜನವರಿ 1ರಿಂದ ಕೃಷಿಗೂ ಅದರ ಉಪಕಸುಬುಗಳಿಗೂ 2 ಲಕ್ಷದ ತನಕ ಜಾಮೀನು ಕೇಳುವಂತಿಲ್ಲ. ಡೇರಿಯ ಕಟ್ಟೆಗೇ ಬಂದು ಅರ್ಜಿ ಬರೆಸಿಕೊಳ್ಳುವ ಕೆಲಸ ಬ್ಯಾಂಕಿನವರದಾಗಲಿ. ಮೂರು, ಎಮ್ಮೆಯ ಸಾಲದ ಕಂತು ಹಾಲಿನ ಬಿಲ್ಲಿನಿಂದ ಮುರಿಯಲಿ, ಹಾಲು ನಿಂತ ತಿಂಗಳು ಕಂತೂ ನಿಲ್ಲಲಿ. ಬೆಳೆಯ ಸಾಲದ ಕಂತು ಸುಗ್ಗಿಯ ನಂತರ ಬರಲಿ.

ಇದಾವುದೂ ದಾನವಾಗಿ ದೊರೆಯದು. ಸೊಸಾಯಿಟಿಯು ಊರಿನ ನಾಲ್ಕು ದೊಡ್ಡ ಮನೆಗಳ ತಿಜೋರಿಯಾಗಿದ್ದರೆ ಅದಕ್ಕೆ ಉಳಿದವರ ಗೈರುಹಾಜರಿಯೂ ಕಾರಣ. ಸಹಕಾರಿ ಕಾಯ್ದೆಯಲ್ಲಿ ನೂರು ಎಕರೆಯವನಿಗೂ ಒಂದೇ ಮತ, ಅರ್ಧ ಎಕರೆಯವನಿಗೂ ಒಂದೇ ಮತ. ಗಿರಣಿಯ ಗೆಳೆಯರೇ, ನಿಮ್ಮೂರಿನ ಸಂಘದಲ್ಲಿ ಮನೆಯವರ ಹೆಸರಿನಲ್ಲಿ ಶೇರು ಹಾಕಿರಿ. ಹೆಂಡತಿಯ ಹೆಸರಿನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಅಂಗಡಿಕಾರ ಬಂಧುಗಳೇ, ಉದ್ರಿ ಕೇಳಲು ಬಂದವನಿಗೆ ಸೊಸಾಯಿಟಿಯ ಸದಸ್ಯನೇ ಎಂದು ಕೇಳಿ ನೋಡಿರಿ. ಪ್ರತಿ ವರ್ಷ ಸಪ್ಟೆಂಬರಿನೊಳಗೆ ವಾರ್ಷಿಕ ಸಭೆ ನಡೆಯಲೇಬೇಕು. ಆ ದಿನ ಒಂದು ಪಾಳಿಯ ಕೂಲಿ ಹೋದರೂ ಹೋಗಲಿ, ಸಭೆಗೆ ಹೋಗಿ ಜಮಾಖರ್ಚು ಕೇಳಿರಿ. ಸಾಲ ಯಾರಿಗೆ ಹೋಯಿತೆಂಬ ಪಟ್ಟಿಯನ್ನು ಓದಿಸಿರಿ.