ಕಾಣದ ಹೊಗೆ, ಕಂಡೂ ಕಾಣದ ದೀಪ

ನಮ್ಮ ಬಳಗದ ಪಿಕಪ್ ವಾಹನವನ್ನು ಓದುಗರಲ್ಲಿ ಅನೇಕರು ಬಲ್ಲರು. ಮಳೆಗಾಲದ ಆರಂಭದಲ್ಲಿ ಸಸಿಗಳನ್ನು, ಪಾದಯಾತ್ರೆಯ ದಿನಗಳಲ್ಲಿ ಅಕ್ಕಿ-ಪಾತ್ರೆಗಳನ್ನು, ತಿಂಗಳ ಕೊನೆಯಲ್ಲಿ ಈ ಪತ್ರಿಕೆಯ ಕಟ್ಟುಗಳನ್ನು ಹೊತ್ತು ಘಟ್ಟ ಹತ್ತಿ ಇಳಿಯುವ, ಪೆಟ್ರೋಲ್ ಎಂಜಿನ್ನಿನ ಹಳೆಯ ಬಂಡಿ ಅದು. ಕಳೆದ ದೀಪಾವಳಿಯ ಹೊತ್ತಿಗೆ ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಓಡುತ್ತಲೇ ಇತ್ತು. ಆದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ, ರಾತ್ರಿ ಕಣ್ಣಿಗೆ ಚುಚ್ಚುತ್ತದೆಂದು ಯಾರೋ ಅದರ ಮೇಲೆ ಒಂದು ಚೀಟಿ ಅಂಟಿಸಿದರು. ಆ ಚೀಟಿಯ ಮೇಲೆ ‘ಕಾಡು ಉಳಿಸಿ’ ಎಂದು ಅಚ್ಚಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ನಿರ್ವಾಹವಿಲ್ಲ.

ಆ ದೀಪ ಹೇಳುತ್ತಿದ್ದುದು ಆಮ್ಲಜನಕ ಸಂವೇದಕ ಕೆಟ್ಟಿದೆ ಎಂಬ ಸಂಗತಿಯನ್ನು. ಮೆಕ್ಯಾನಿಕ್‌ಗಳು ಇದನ್ನು ಆಕ್ಸಿಜನ್ ಸೆನ್ಸರ್ ಎನ್ನುತ್ತಾರೆ. ಬಾಷ್ ಸಂಸ್ಥೆ ರೂಪಿಸಿದ ಈ ಉಪಕರಣ 1976ರಲ್ಲಿ ಮೊದಲು ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂತು. ಸೈಲೆನ್ಸರ್ ಕೊಳವೆಯಲ್ಲಿ ತಿರುಪಿನಂತೆ ಕೂತಿರುವ ಇದರ ತುದಿಯಲ್ಲಿ ಪ್ಲಾಟಿನಂ ಲೇಪಿತ ಜಿರ್ಕೋನಿಯಾ ಪಿಂಗಾಣಿ ಇರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಇದು ಕೆಲಸಕ್ಕೆ ತೊಡಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್‌ನಷ್ಟು, ಇಂಧನ ಹೆಚ್ಚಾಗಿದ್ದರೆ 0.9 ವೋಲ್ಟ್‌ನಷ್ಟು ಸಂಕೇತವನ್ನು ಎಂಜಿನ್ನಿನ ಗಣಕಕ್ಕೆ ಕಳುಹಿಸುತ್ತದೆ. ಅದನ್ನು ಓದಿಕೊಂಡು ಗಣಕ ಪೆಟ್ರೋಲನ್ನು ಹೆಚ್ಚು-ಕಡಿಮೆ ಮಾಡುತ್ತದೆ. ಒಂದು ಕಿಲೋ ಶುದ್ಧ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಇನ್ನಷ್ಟು ಕಡಿಮೆ ಸಾಕು. ಆ ಹದವನ್ನು ಕಾಯುವ ಮೂಗು ಈ ಸಂವೇದಕ.

ಹದ ತಪ್ಪಿದರೆ ನಷ್ಟ ಪೆಟ್ರೋಲಿನದಷ್ಟೇ ಅಲ್ಲ. ಇಂಗಾಲದ ಮಾನಾಕ್ಸೈಡ್, ಉರಿಯದ ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡುಗಳು ಎಂಬ ಮೂರು ವಿಷಗಳನ್ನು ತೊಳೆಯುವ ವೇಗವರ್ಧಕ ಪರಿವರ್ತಕವು ಹದವಿದ್ದಾಗ ಮಾತ್ರ ಮೂರನ್ನೂ ಸರಿಯಾಗಿ ನಿಭಾಯಿಸಬಲ್ಲದು. ಹೆಚ್ಚಾದ ಇಂಧನ ಪರಿವರ್ತಕದೊಳಗೇ ಉರಿದರೆ ಅದರ ಗೂಡು ಕರಗಿಯೂ ಹೋದೀತು. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಪ್ಪು ಹೊಗೆ ಕಾಣಲಿಲ್ಲವೆಂದು ನಾವು ನೆಮ್ಮದಿಯಿಂದಿದ್ದೆವು.

ಪೇಟೆಯ ಗ್ಯಾರೇಜೊಂದರಲ್ಲಿ ನಮಗೆ ದೊರೆತ ಸಲಹೆ ಸುಲಭವಾಗಿತ್ತು: ಪರಿವರ್ತಕವನ್ನೇ ಕತ್ತರಿಸಿ ತೆಗೆದು ಖಾಲಿ ಕೊಳವೆ ಬೆಸೆಯುವುದು, ದೀಪ ಹೊತ್ತದಂತೆ ವೈರಿನಲ್ಲಿ ಏನಾದರೊಂದು ಉಪಾಯ ಮಾಡುವುದು. ತೆಗೆದ ಭಾಗದಲ್ಲಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯೂ ಇದೆಯಂತೆ. ಇದು ಕಾನೂನುಬಾಹಿರ. ನಮ್ಮಂಥವರ ಮಟ್ಟಿಗೆ ಅದಕ್ಕಿಂತ ದೊಡ್ಡ ಮಾತೆಂದರೆ, ನದಿಗೆ ತ್ಯಾಜ್ಯ ಬಿಟ್ಟು ಅಳತೆಯ ಯಂತ್ರವನ್ನು ಕೆಡಿಸುವ ಕಾರ್ಖಾನೆಗೂ ನಮಗೂ ಆಗ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ.

ಬಳಗದ ಸಭೆಯಲ್ಲಿ ಇನ್ನೊಂದು ಅಭಿಪ್ರಾಯವೂ ಬಂತು: ಹಳೆಯ ಗಾಡಿಯನ್ನು ಗುಜರಿಗೆ ಹಾಕಿ ಹೊಸತು ಕೊಳ್ಳೋಣ. ಕೇಂದ್ರ ಸರ್ಕಾರ 2021ರಲ್ಲಿ ಘೋಷಿಸಿದ ಗುಜರಿ ನೀತಿಯ ಆಶಯವೂ ಅದೇ. ಆದರೆ ಹೊಸ ವಾಹನದ ಉಕ್ಕಿನ ದೊಡ್ಡ ಪಾಲು ನೆಲದೊಳಗಿನ ಅದಿರಿನಿಂದ ಬರಬೇಕಲ್ಲವೇ? ಕುದುರೆಮುಖದ ಬೆಟ್ಟಗಳಲ್ಲಿ 2005ರ ಕೊನೆಯವರೆಗೂ ಗಣಿಗಾರಿಕೆಯನ್ನು ಕಂಡ ಈ ಸೀಮೆಯ ಜನ ಅದನ್ನು ಮರೆಯಲಾಗದು. ಎಂಜಿನ್ ಗಟ್ಟಿಯಿರುವ ಗಾಡಿಯನ್ನು ಅಂಗೈಯಲ್ಲಿ ಹಿಡಿಸುವ ಒಂದು ಭಾಗಕ್ಕಾಗಿ ಎಸೆಯುವುದು ವಿವೇಕವಲ್ಲವೆಂದು ಸಭೆ ತೀರ್ಮಾನಿಸಿತು.

ದುರಸ್ತಿಯ ಕ್ರಮವನ್ನು ಇತರರ ಉಪಯೋಗಕ್ಕಾಗಿ ದಾಖಲಿಸುತ್ತೇವೆ. ಮೊದಲು ದೋಷಸಂಕೇತವನ್ನು ಸ್ಕ್ಯಾನರಿನಿಂದ ಓದಿಸಬೇಕು. ಸಂಕೇತ ಬಂದ ಮಾತ್ರಕ್ಕೆ ಸಂವೇದಕವೇ ಕೆಟ್ಟಿದೆ ಎಂದಲ್ಲ. ಕೊಳವೆಯ ಸೋರಿಕೆ, ಸುಟ್ಟ ಫ್ಯೂಸ್, ತುಕ್ಕು ಹಿಡಿದ ಕನೆಕ್ಟರ್‌ಗಳೂ ಅದೇ ದೂರನ್ನು ತರುತ್ತವೆ. ಮಳೆಗಾಲದಲ್ಲಿ ಕೊಟ್ಟಿಗೆಯ ಬದಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿದ್ದರಂತೂ ಹೊಸ ಸಂವೇದಕ ವ್ಯರ್ಥ. ಪರಿವರ್ತಕದ ಹಿಂದೆ ಮುಂದೆ ಎರಡು ಸಂವೇದಕಗಳಿದ್ದರೆ ಯಾವುದು ಕೆಟ್ಟಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಎಂಜಿನ್ ತಣಿಯಲು ಬಿಟ್ಟು, ಬ್ಯಾಟರಿಯ ಋಣ ತಂತಿಯನ್ನು ಕಳಚಿ, ತಿರುಪಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾಯಬೇಕು. ವೈರು ಹಾಯುವಂತೆ ಸೀಳಿರುವ 22 ಮಿ.ಮೀ. ಸಾಕೆಟ್ ಸಾಮಾನ್ಯವಾಗಿ ಹೊಂದುತ್ತದೆ. ಹೊಸತನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ತಿರುಪಿಗೆ ಲೇಪಿಸುವ ಮುಲಾಮು ತುದಿಗೆ ತಾಗಬಾರದು. ಹತ್ತಿರದಲ್ಲಿ ಸಾಮಾನ್ಯ ಸಿಲಿಕೋನ್ ಅಂಟನ್ನೂ ಬಳಸಬಾರದು, ಅದರ ಆವಿ ಸಂವೇದಕಕ್ಕೆ ವಿಷ. ಕೊನೆಗೆ ಹಳೆಯ ದೋಷಸಂಕೇತ ಅಳಿಸಿ, ಒಂದಷ್ಟು ದೂರ ಓಡಿಸಿ, ದೀಪ ಮತ್ತೆ ಹೊತ್ತುವುದೇ ಎಂದು ನೋಡಬೇಕು.

ನಮ್ಮ ಬಂಡಿಯ ದೀಪ ಈಗ ಆರಿದೆ. ಆದರೆ ಇದನ್ನು ಸಾಧನೆಯೆಂದು ಹೇಳಿಕೊಳ್ಳುವಂತಿಲ್ಲ. ಭಾರ ಹೊತ್ತು ಪೂರ್ತಿ ಎಕ್ಸಿಲರೇಟರ್ ಒತ್ತಿ ಘಾಟಿ ಏರುವಾಗ ಅನೇಕ ಎಂಜಿನ್ನುಗಳ ಗಣಕ ಸಂವೇದಕದ ಮಾತನ್ನು ಬದಿಗಿಟ್ಟು ಹೆಚ್ಚು ಇಂಧನ ಸುರಿಯುತ್ತದೆ. ಹೊಗೆ ಪರೀಕ್ಷೆಯ ಪ್ರಮಾಣಪತ್ರ ಪರೀಕ್ಷೆಯ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಸೀಮೆಯಲ್ಲಿ ಓಡುವ ಹಳೆಯ ಡೀಸೆಲ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಈ ಸಂವೇದಕವೇ ಇಲ್ಲ. ಅವುಗಳ ಕಪ್ಪು ಹೊಗೆಯ ಪ್ರಶ್ನೆ ಬೇರೆಯೇ ಇದೆ. ಎಲ್ಲಕ್ಕಿಂತ ಸ್ವಚ್ಛವಾದುದು ನಾವು ಮಾಡದೆ ಉಳಿದ ಪ್ರಯಾಣ. ಆದ್ದರಿಂದ ಇನ್ನು ಮುಂದೆ ಬಸ್ಸು ಹೋಗುವ ಊರಿಗೆ ಬಳಗದ ಪಿಕಪ್ ಹೋಗುವುದಿಲ್ಲವೆಂದೂ, ಪತ್ರಿಕೆಯ ಕಟ್ಟುಗಳು ಸಾಧ್ಯವಿದ್ದಲ್ಲೆಲ್ಲ ಬಸ್ಸಿನಲ್ಲೇ ಸಾಗಬೇಕೆಂದೂ ನಿರ್ಧರಿಸಿದ್ದೇವೆ.

ಓದುಗರಲ್ಲಿ ಒಂದೇ ವಿನಂತಿ. ಇಂದು ಸಂಜೆ ನಿಮ್ಮ ವಾಹನದ ಕೀಲಿ ತಿರುಗಿಸಿ ಫಲಕವನ್ನೊಮ್ಮೆ ನೋಡಿ. ಎಂಜಿನ್ ಹೊರಡುವ ಮುನ್ನ ಹಳದಿ ದೀಪ ಹೊತ್ತಬೇಕು, ಹೊರಟ ಮೇಲೆ ಆರಬೇಕು. ಆರದಿದ್ದರೆ ದುರಸ್ತಿ ಮಾಡಿಸಿ. ಹೊತ್ತದೇ ಇದ್ದರೆ, ಅದರ ಬಾಯಿಯನ್ನು ಯಾರೋ ಮುಚ್ಚಿಸಿರಬಹುದು. ಬೆಟ್ಟದ ಪರವಾಗಿ ಮಾತಾಡುವವರು ಮೊದಲು ತಮ್ಮ ಮನೆಯ ಎಚ್ಚರಿಕೆಯ ದೀಪಕ್ಕೆ ಅಂಟಿಸಿದ ಚೀಟಿಯನ್ನು ಕೀಳಬೇಕು. ನಾವು ಕಿತ್ತಿದ್ದೇವೆ, ಸ್ವಲ್ಪ ತಡವಾಗಿ.